ಮಾರುವುದೋ, ಬಾಡಿಗೆಗೆ ಕೊಡುವುದೋ: ದೇಶ ಬಿಟ್ಟು ಹೊರಟ ದಂಪತಿಯ ಮನೆ, ಒಂದು ಪ್ರಕರಣ ಅಧ್ಯಯನ

ಬೇರೆ ದೇಶದಲ್ಲಿ ನೆಲೆಸಲು ಹೊರಟ ದಂಪತಿ ತಮ್ಮ ಸ್ವಂತ ಮನೆಯ ವಿಷಯದಲ್ಲಿ ಕೈಗೊಂಡ ತೀರ್ಮಾನವನ್ನೂ, ಮುಂದಿನ ಮೂರು ವರ್ಷಗಳಲ್ಲಿ ಆ ತೀರ್ಮಾನ ಏನಾಯಿತೆಂಬುದನ್ನೂ ಇಲ್ಲಿ ದಾಖಲಿಸಿದ್ದೇನೆ. ಗುರುತು ಸಿಗಬಾರದೆಂಬ ಕಾರಣಕ್ಕೆ ಅವರು ಬಿಟ್ಟ ದೇಶವನ್ನಾಗಲಿ ಸೇರಿದ ದೇಶವನ್ನಾಗಲಿ ಹೆಸರಿಸಿಲ್ಲ. ಹೊರಡುವ ದಿನ ಮನೆಗಿದ್ದ ಬೆಲೆಯನ್ನು 100 ಎಂದಿಟ್ಟುಕೊಂಡು ಉಳಿದ ಅಂಕಿಗಳನ್ನೆಲ್ಲ ಅದಕ್ಕೆ ಹೊಂದಿಸಿದ್ದೇನೆ. ತಿಂಗಳುಗಳನ್ನು ಅವರು ಮನೆ ಬಿಟ್ಟ ದಿನದಿಂದ ಎಣಿಸಿದ್ದೇನೆ. ನನ್ನ ಪಾತ್ರವನ್ನೂ ಮೊದಲೇ ಹೇಳಿಬಿಡಬೇಕು: ಅವರಿಗೆ ಲೆಕ್ಕದ ಹಾಳೆ ಮಾಡಿಕೊಟ್ಟವನು ನಾನು, ಮುಂದೆ ಕಾಣುವ ತಪ್ಪುಗಳಲ್ಲಿ ದೊಡ್ಡದರ ಬೇರು ಆ ಹಾಳೆಯಲ್ಲೇ ಇತ್ತು.

ಹಿನ್ನೆಲೆ

ಪತಿಗೆ ವಿದೇಶದಲ್ಲಿ ಎರಡು ವರ್ಷಗಳ ಒಪ್ಪಂದದ ಕೆಲಸ ಸಿಕ್ಕಿತ್ತು. ಒಪ್ಪಂದ ಮುಂದುವರಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದಿತ್ತು. ಮುಂದುವರಿಯದಿದ್ದರೆ ವೀಸಾ ಮುಗಿದು ಹಿಂತಿರುಗಬೇಕಿತ್ತು. ಮನೆಯನ್ನು ಒಂಬತ್ತು ವರ್ಷಗಳ ಹಿಂದೆ 55ಕ್ಕೆ ಕೊಂಡಿದ್ದರು. ಗೃಹಸಾಲದಲ್ಲಿ ಇನ್ನೂ 38 ಉಳಿದಿತ್ತು. ಹೊಸ ಜಾಗದಲ್ಲಿ ಬಿಡಾರ ಹೂಡಲು ಬೇಕಾದಷ್ಟು ಉಳಿತಾಯ ಕೈಯಲ್ಲಿದ್ದುದರಿಂದ, ಹಣಕ್ಕಾಗಿ ಮಾರಲೇಬೇಕಾದ ಒತ್ತಡ ಇರಲಿಲ್ಲ. ಇಂಥ ಒತ್ತಡ ಇದ್ದವರಿಗೆ ತೀರ್ಮಾನ ತಾನಾಗಿ ಆಗಿಬಿಡುತ್ತದೆ. ಇಲ್ಲದವರಿಗೇ ಕಷ್ಟ, ಏಕೆಂದರೆ ಎರಡು ದಾರಿಯೂ ತೆರೆದಿರುತ್ತದೆ.

ಪತಿಗೆ ಮನೆ ಉಳಿಸಿಕೊಳ್ಳುವ ಆಸೆ. ಪತ್ನಿಗೆ ಮಾರಿ ಹೊರಡುವ ಆಸೆ. ನನ್ನ ಬಳಿಗೆ ಬರುವ ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ಆಸೆಗೆ ಸಾಕಷ್ಟು ಕಾರಣಗಳನ್ನು ಜೋಡಿಸಿಕೊಂಡಿದ್ದರು. ಬಾಡಿಗೆ ಬರುತ್ತದೆ, ಬೆಲೆ ಏರುತ್ತದೆ, ಹಿಂತಿರುಗಿದರೆ ಸೂರು ಇರುತ್ತದೆ ಎಂಬುದು ಒಬ್ಬರ ವಾದವಾದರೆ, ದೂರದಿಂದ ಮನೆ ನೋಡಿಕೊಳ್ಳುವುದು ತಲೆನೋವು, ಹಣ ಒಂದೆಡೆ ನಾವು ಒಂದೆಡೆ ಎಂಬುದು ಇನ್ನೊಬ್ಬರದು.

ಲೆಕ್ಕ ಹೇಳಿದ್ದು

ಮೊದಲು ಬಾಡಿಗೆಯ ಲೆಕ್ಕ ಮಾಡಿದೆವು. ವರ್ಷಕ್ಕೆ 4.2 ಬಾಡಿಗೆ ಬರುವಂತಿತ್ತು. ಗೃಹಸಾಲದ ಬಡ್ಡಿ ಆಗ ವರ್ಷಕ್ಕೆ 1.9 ಇದ್ದುದರಿಂದ, ಪತಿ ತಮ್ಮ ಮನಸ್ಸಿನಲ್ಲೇ 4.2ರಲ್ಲಿ 1.9 ಕಳೆದು ಉಳಿದದ್ದನ್ನು ಲಾಭವೆಂದುಕೊಂಡಿದ್ದರು. ನಿರ್ವಹಣೆಯ ಏಜೆಂಟರ ಶುಲ್ಕ ಬಾಡಿಗೆಯ ಶೇ. 10ರಂತೆ 0.42, ದುರಸ್ತಿಗೆ ಮನೆಯ ಬೆಲೆಯ ಶೇ. 1ರಂತೆ 1.0, ವಿಮೆ ಮತ್ತು ಸ್ಥಳೀಯ ತೆರಿಗೆ ಸೇರಿ 0.35, ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬೀಳಬಹುದೆಂದು ಇನ್ನೊಂದು 0.35 ತೆಗೆದಿಟ್ಟಾಗ ಉಳಿದದ್ದು 2.08. ಮಾಲೀಕರು ವಾಸವಿರದೆ ಬಾಡಿಗೆಗೆ ಕೊಡುವ ಮನೆಗೆ ಬಡ್ಡಿ ಏರಿಸುವುದಾಗಿ ಸಾಲ ಕೊಟ್ಟ ಬ್ಯಾಂಕು ತಿಳಿಸಿದ್ದರಿಂದ ಬಡ್ಡಿ 2.09ಕ್ಕೆ ಹೋಯಿತು. ಅಲ್ಲಿಗೆ ಬಾಡಿಗೆಯ ಆದಾಯ ಸೊನ್ನೆ. ಅಸಲಿನ ಕಂತು ವರ್ಷಕ್ಕೆ 1.5ರಷ್ಟನ್ನು ಸಂಬಳದಿಂದ, ಅದೂ ಬೇರೆ ದೇಶದ ನಾಣ್ಯದಲ್ಲಿ ಬರುವ ಸಂಬಳದಿಂದ, ಪ್ರತಿ ತಿಂಗಳು ವಿನಿಮಯ ಮಾಡಿ ಕಳಿಸಬೇಕಿತ್ತು.

ಆಗಲೇ ಮಾರಿದ್ದರೆ ಮಾರಾಟದ ಖರ್ಚು 3, ಸಾಲ 38 ಕಳೆದು 59 ಕೈಗೆ ಬರುತ್ತಿತ್ತು. ಅದನ್ನು ಶೇ. 3ರ ಬಡ್ಡಿಗೆ ಸುಮ್ಮನೆ ಠೇವಣಿ ಇಟ್ಟರೂ ಎರಡು ವರ್ಷದಲ್ಲಿ ಸುಮಾರು 3.5 ಹುಟ್ಟುತ್ತಿತ್ತು. ಮನೆಯನ್ನು ಎರಡು ವರ್ಷ ಉಳಿಸಿಕೊಳ್ಳುವುದಕ್ಕೆ ತೆರುವ ಬೆಲೆ ಅದು. ಬೆಲೆ ಏರುತ್ತದೆಂಬ ನಿರೀಕ್ಷೆಯನ್ನು ಬೇಕೆಂದೇ ಹೊರಗಿಟ್ಟೆವು. ಅದನ್ನು ಒಳಗೆ ಬಿಟ್ಟರೆ ಯಾರಿಗೆ ಯಾವ ಉತ್ತರ ಬೇಕೋ ಆ ಉತ್ತರವನ್ನೇ ಹಾಳೆ ಕೊಡುತ್ತದೆ.

ಉಳಿಸಿಕೊಂಡರೆ ಸಿಗುವುದೇನು? ಹಿಂತಿರುಗಬೇಕಾಗಿ ಬಂದರೆ, ಮಾರಿದ ಖರ್ಚು 3 ಮತ್ತು ಅಂಥದೇ ಮನೆಯನ್ನು ಮತ್ತೆ ಕೊಳ್ಳುವ ನೋಂದಣಿ, ಶುಲ್ಕ, ಹೊಸ ಸಾಲ ಇತ್ಯಾದಿಗಳ ಖರ್ಚು 6, ಒಟ್ಟು 9 ಉಳಿಯುತ್ತದೆ. ಹಿಂತಿರುಗದಿದ್ದರೆ ಏನೂ ಉಳಿಯುವುದಿಲ್ಲ, ಏಕೆಂದರೆ ಮಾರಾಟದ ಖರ್ಚು ಇಂದಲ್ಲದಿದ್ದರೆ ನಾಳೆ ಬಂದೇ ಬರುತ್ತದೆ. ಹಾಗಾಗಿ ಇಡೀ ಪ್ರಶ್ನೆ ಒಂದು ಅಂಕಿಯ ಮೇಲೆ ನಿಂತಿತ್ತು: ಎರಡು ವರ್ಷದೊಳಗೆ ಹಿಂತಿರುಗುವ ಸಂಭವ ಎಷ್ಟು?

ಮೊದಲ ತಿರುವು

ಈ ಪ್ರಶ್ನೆಗೆ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ, ಒಬ್ಬರದನ್ನು ಇನ್ನೊಬ್ಬರು ನೋಡದಂತೆ, ಉತ್ತರ ಬರೆಯಬೇಕೆಂದು ಕೇಳಿದೆ. ಪತಿ ಬರೆದದ್ದು ಹತ್ತರಲ್ಲಿ ಒಂದು. ಪತ್ನಿ ಬರೆದದ್ದು ಹತ್ತರಲ್ಲಿ ನಾಲ್ಕು.

ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹತ್ತರಲ್ಲಿ ಒಂದು ಎಂಬ ಅಂಕಿಯ ಪ್ರಕಾರ ಮನೆ ಉಳಿಸಿಕೊಳ್ಳುವುದರಿಂದ ಬರುವ ಪ್ರಯೋಜನ ಕೇವಲ 0.9, ಅದಕ್ಕೆ 3.5 ತೆರುವುದು ಅವಿವೇಕ, ಮಾರಬೇಕು. ಹತ್ತರಲ್ಲಿ ನಾಲ್ಕರ ಪ್ರಕಾರ ಪ್ರಯೋಜನ 3.6, ತೆರುವ ಬೆಲೆಗೆ ಸರಿಸಮ, ಉಳಿಸಿಕೊಳ್ಳಬಹುದು. ಅಂದರೆ ಉಳಿಸಿಕೊಳ್ಳಬೇಕೆಂದು ಹಟ ಹಿಡಿದವರ ಅಂಕಿ ಮಾರು ಎನ್ನುತ್ತಿತ್ತು, ಮಾರಬೇಕೆಂದವರ ಅಂಕಿ ಉಳಿಸಿಕೋ ಎನ್ನುತ್ತಿತ್ತು.

ನಂತರದ ಮಾತುಕತೆ ಆವರೆಗಿನ ಎಲ್ಲ ಚರ್ಚೆಗಳಿಗಿಂತ ಉಪಯುಕ್ತವಾಗಿತ್ತು. ಹಿಂತಿರುಗುವ ಉದ್ದೇಶವೇ ಇಲ್ಲದಿದ್ದರೂ ತಾವು ನಿಂತು ದುರಸ್ತಿ ಮಾಡಿಸಿದ ಮನೆಯನ್ನು ಬಿಟ್ಟುಕೊಡಲಾಗದೆ ಹಣದ ಕಾರಣಗಳನ್ನು ಹುಡುಕಿಕೊಂಡದ್ದಾಗಿ ಪತಿ ಒಪ್ಪಿಕೊಂಡರು. ಪತ್ನಿಯ ಮಾತು ಇನ್ನೂ ನೇರವಾಗಿತ್ತು: "ಮನೆ ಇದ್ದರೆ ಮೊದಲನೇ ಕಷ್ಟಕ್ಕೇ ವಾಪಸ್ ಬಂದುಬಿಡುತ್ತೇವೆ. ಅದಕ್ಕೇ ಮಾರಬೇಕು ಅಂತೀನಿ." ಹಿಂತಿರುಗುವ ಸಂಭವ ಹೆಚ್ಚೆಂದು ಅವರು ಎಣಿಸಿದ್ದೇ ಆ ಸಂಭವದ ಭಯದಿಂದ. ಮನೆಯ ಬಗೆಗಿನ ಜಗಳವೆಂದು ಇಬ್ಬರೂ ತಿಳಿದಿದ್ದದ್ದು ವಾಸ್ತವದಲ್ಲಿ ವಲಸೆಯ ಬಗೆಗಿನ ಅನುಮಾನವಾಗಿತ್ತು; ಲೆಕ್ಕದ ಹಾಳೆಯಿಂದ ಅದು ಬಗೆಹರಿಯುವಂಥದ್ದಲ್ಲ.

ಎರಡು ಅಂಕಿಗಳ ನಡುವೆ ಸರಾಸರಿ ಹಿಡಿದರೆ ಮಾರುವುದೇ ಮೇಲೆನ್ನಿಸುತ್ತಿತ್ತು, ಆದರೆ ಅಂತರ ಸಣ್ಣದು. ಮೊದಲ ಎರಡು ವರ್ಷ ಕೆಲಸದ ಭದ್ರತೆ ಇಲ್ಲದ ಕಾರಣ, ಅಷ್ಟು ಕಾಲಕ್ಕೆ ಮಾತ್ರ ಬಾಡಿಗೆಗೆ ಕೊಡುವುದೆಂದು ಒಪ್ಪಿದರು. ಯಾವಾಗ ಮಾರಬೇಕೆಂಬುದನ್ನೂ ಅಂದೇ ಬರೆದಿಟ್ಟರು: ಪತಿಯ ಒಪ್ಪಂದ ನವೀಕರಣವಾದರೆ ಮಾರಾಟ, ಯಾವುದೇ ಒಂದು ವರ್ಷದಲ್ಲಿ ದುರಸ್ತಿ 3 ದಾಟಿದರೆ ಮಾರಾಟ, ಮನೆ ಮೂರು ತಿಂಗಳಿಗಿಂತ ಹೆಚ್ಚು ಖಾಲಿ ಬಿದ್ದರೆ ಮಾರಾಟ, ಏನೇ ಆದರೂ 30ನೇ ತಿಂಗಳಲ್ಲಿ ಮತ್ತೆ ಕೂತು ತೀರ್ಮಾನ.

30 ಎಂಬ ಅಂಕಿಗೆ ಕಾರಣ ತೆರಿಗೆ. ವಾಸದ ಮನೆಯನ್ನು ಮಾರಿದಾಗ ಬರುವ ಲಾಭಕ್ಕೆ ತೆರಿಗೆ ವಿನಾಯಿತಿ ಕೊಡುವ ದೇಶಗಳು ಬಹಳ. ವಾಸ ಬಿಟ್ಟ ಮೇಲೆ ಆ ವಿನಾಯಿತಿ ಎಷ್ಟು ಕಾಲ ಬದುಕಿರುತ್ತದೆ ಎಂಬುದು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಒಡೆತನದ ಕೊನೆಯ 9 ತಿಂಗಳನ್ನು ವಾಸವಿರದಿದ್ದರೂ ವಾಸವೆಂದೇ ಎಣಿಸುತ್ತಾರೆ. ಅಮೆರಿಕದಲ್ಲಿ ಮಾರುವುದಕ್ಕೆ ಹಿಂದಿನ 5 ವರ್ಷಗಳಲ್ಲಿ 2 ವರ್ಷ ಅಲ್ಲಿ ವಾಸವಿದ್ದಿರಬೇಕು. ಆಸ್ಟ್ರೇಲಿಯಾದಲ್ಲಿ ಬಿಟ್ಟುಹೋದ ಮನೆಯನ್ನು ಬಾಡಿಗೆಗೆ ಕೊಟ್ಟರೂ 6 ವರ್ಷದವರೆಗೆ ವಾಸದ ಮನೆಯೆಂದು ಹೇಳಿಕೊಳ್ಳಬಹುದು, ಆದರೆ 2020ರ ಜೂನ್ 30ರ ನಂತರ, ತೆರಿಗೆಯ ದೃಷ್ಟಿಯಲ್ಲಿ ವಿದೇಶಿ ನಿವಾಸಿಯಾಗಿರುವಾಗ ಮಾರಿದರೆ ಕೆಲವು ಅಪವಾದಗಳನ್ನುಳಿದು ವಿನಾಯಿತಿಯೇ ಇಲ್ಲ. ವಲಸೆ ಹೋದವರ ಮಟ್ಟಿಗೆ ಆ 6 ವರ್ಷ ಬಹುಪಾಲು ಕಾಗದದ ಮೇಲಿನದು. ನಮ್ಮ ದಂಪತಿಗೆ ಅನ್ವಯಿಸುತ್ತಿದ್ದ ಗಡಿ, ಮನೆ ಬಿಟ್ಟ ದಿನದಿಂದ 36 ತಿಂಗಳು. ಅದು ದಾಟಿದರೆ ಲಾಭದ ಶೇ. 20 ತೆರಿಗೆಗೆ ಹೋಗುತ್ತಿತ್ತು. ಗಿರಾಕಿ ಹುಡುಕಿ ಕ್ರಯಪತ್ರ ಮುಗಿಸಲು ಆರು ತಿಂಗಳು ಬೇಕೆಂದು ಹಿಡಿದು 30 ಎಂದು ಬರೆದೆವು. ಬಾಡಿಗೆ ಕರಾರು ಎಂದು ಮುಗಿಯಬೇಕೆಂಬುದಕ್ಕೆ ಹಾಳೆಯಲ್ಲಿ ನಾನು ಜಾಗವನ್ನೇ ಬಿಟ್ಟಿರಲಿಲ್ಲ.

ನಡೆದದ್ದು

ಮನೆ ನೋಡಿಕೊಳ್ಳುವ ಹೊಣೆಯನ್ನು ಪತಿಯ ಅಕ್ಕ ತಾವಾಗಿ ವಹಿಸಿಕೊಂಡರು. ಏಜೆಂಟರ ಶುಲ್ಕ ಉಳಿಯಿತೆಂದು ಎಲ್ಲರಿಗೂ ಸಮಾಧಾನವಾಯಿತು. ಒಂದು ವರ್ಷದ ಕರಾರಿಗೆ ಬಾಡಿಗೆದಾರರು ಬಂದರು, ಒಳ್ಳೆಯವರೇ ಬಂದರು.

7ನೇ ತಿಂಗಳಲ್ಲಿ ಸ್ನಾನದ ಕೋಣೆಯ ಗೋಡೆಯೊಳಗಿನ ಪೈಪು ಸೋರತೊಡಗಿತು. ಬಾಡಿಗೆದಾರರು ಅಕ್ಕನಿಗೆ ತಿಳಿಸಿದರು. ಹೊಸ ಊರಿನಲ್ಲಿ ಹೆಣಗಾಡುತ್ತಿರುವ ತಮ್ಮನಿಗೆ ಏಕೆ ತೊಂದರೆ ಎಂದು ಅಕ್ಕ ತಾವೇ ಒಬ್ಬ ಪ್ಲಂಬರನನ್ನು ಹುಡುಕತೊಡಗಿದರು. ಅವನು ಬರುವಷ್ಟರಲ್ಲಿ ಮೂರು ವಾರ ಕಳೆದು ಗೋಡೆಯ ಗಾರೆ ಉದುರಿ, ಪಕ್ಕದ ಕೋಣೆಯ ನೆಲ ಎದ್ದಿತ್ತು. ದುರಸ್ತಿಗೆ 1.6 ಆಯಿತು. ವಿಮಾ ಕಂಪನಿ ಒಂದು ಬಿಡಿಗಾಸೂ ಕೊಡಲಿಲ್ಲ. ಪಾಲಿಸಿ ಮಾಲೀಕರು ವಾಸವಿರುವ ಮನೆಗೆಂದು ಬರೆಸಿದ್ದು, ಬಾಡಿಗೆಗೆ ಕೊಟ್ಟಿರುವುದನ್ನು ಯಾರೂ ತಿಳಿಸಿರಲಿಲ್ಲ. ಬ್ಯಾಂಕಿಗೆ ತಿಳಿಸಿ ಒಪ್ಪಿಗೆ ಪಡೆದಿದ್ದ ದಂಪತಿಗೆ ವಿಮೆಯವರಿಗೂ ತಿಳಿಸಬೇಕೆಂಬುದು ಹೊಳೆಯದೆ ಹೋದದ್ದು ವಿಚಿತ್ರವೇ, ಆದರೆ ಹೊರಡುವ ವಾರಗಳ ಗಡಿಬಿಡಿಯಲ್ಲಿ ಹೀಗಾಗುವುದನ್ನು ಬೇರೆಡೆಯೂ ಕಂಡಿದ್ದೇನೆ.

ಪತಿ ಫೋನಿನಲ್ಲಿ ಅಕ್ಕನ ಮೇಲೆ ರೇಗಿದರು. ಅಕ್ಕ ಬೀಗದ ಕೈಯನ್ನು ಒಬ್ಬ ಏಜೆಂಟರಿಗೆ ಒಪ್ಪಿಸಿ, ಮೂರು ತಿಂಗಳು ತಮ್ಮನೊಡನೆ ಮಾತಾಡಲಿಲ್ಲ. ಸಂಬಳವಿಲ್ಲದೆ ದುಡಿಯುವವರನ್ನು ಹೊತ್ತಿಗೆ ಸರಿಯಾಗಿ ಮಾಡಲಿಲ್ಲವೆಂದು ಕೇಳುವ ಹಕ್ಕು ಇರುವುದಿಲ್ಲ. ಕೇಳಿದರೆ ಸಂಬಂಧ ಕೆಡುತ್ತದೆ, ಕೇಳದಿದ್ದರೆ ಮನೆ ಕೆಡುತ್ತದೆ. ವರ್ಷಕ್ಕೆ 0.42 ಉಳಿಸಲು ಹೋಗಿ ಅದರ ನಾಲ್ಕರಷ್ಟು ಕಳೆದುಕೊಂಡದ್ದು ಲೆಕ್ಕಕ್ಕೆ ಸಿಗುತ್ತದೆ. ಆ ಮೂರು ತಿಂಗಳ ಮೌನವನ್ನು ಯಾವ ಕಾಲಮಿನಲ್ಲಿ ಬರೆಯುವುದು?

ಏಜೆಂಟರು ಬಂದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಮಾಲೀಕರು ದೇಶದಲ್ಲಿ ವಾಸವಿಲ್ಲದಿದ್ದರೆ ಬಾಡಿಗೆ ಕೊಡುವವರೇ ತೆರಿಗೆ ಮುರಿದುಕೊಂಡು ಸರಕಾರಕ್ಕೆ ಕಟ್ಟಬೇಕೆಂಬ ನಿಯಮ ಹಲವು ದೇಶಗಳಲ್ಲಿದೆ, ಇಲ್ಲಿಯೂ ಇತ್ತು. ಮೊದಲ ತಿಂಗಳುಗಳಲ್ಲಿ ಬಾಡಿಗೆದಾರರಿಗೂ ಅಕ್ಕನಿಗೂ ಇದು ಗೊತ್ತಿರಲಿಲ್ಲ. ಹಿಂದಿನದನ್ನು ಸರಿಪಡಿಸಲು ಅರ್ಜಿ, ವಿವರಣೆ, ಸಣ್ಣದೊಂದು ದಂಡ. ಮುಂದಕ್ಕೆ ಪ್ರತಿ ತಿಂಗಳ ಬಾಡಿಗೆಯಿಂದ ಮುರಿದ ಹಣ ವರ್ಷದ ಕೊನೆಯಲ್ಲಿ ಲೆಕ್ಕ ಸಲ್ಲಿಸಿದ ಮೇಲಷ್ಟೇ ಹಿಂದಕ್ಕೆ ಬರುತ್ತಿತ್ತು. ಆದಾಯ ಸೊನ್ನೆಯಾಗಿರುವ ಮನೆಗೂ ತಿಂಗಳು ತಿಂಗಳು ಕೈಯಿಂದ ಹಾಕಬೇಕಾಯಿತು.

ಒಂದು ಸಾಲಿನ ಉತ್ತರ

12ನೇ ತಿಂಗಳಲ್ಲಿ ಏಜೆಂಟರು ಪತ್ರ ಬರೆದರು: ಬಾಡಿಗೆದಾರರು ಇನ್ನೂ ಎರಡು ವರ್ಷ ಇರಲು ಬಯಸುತ್ತಾರೆ, ಬಾಡಿಗೆ ಶೇ. 6 ಏರಿಸಲು ಒಪ್ಪಿದ್ದಾರೆ, ಮನೆ ಖಾಲಿ ಬೀಳುವ ಭಯವಿಲ್ಲ. ಪತಿ ಕೆಲಸದ ನಡುವೆ ಓದಿ ಒಂದೇ ಸಾಲಿನಲ್ಲಿ ಉತ್ತರಿಸಿದರು: ಸರಿ, ಮುಂದುವರಿಸಿ.

ಮೂರು ವರ್ಷಗಳ ಈ ಪ್ರಕರಣದಲ್ಲಿ ಅತ್ಯಂತ ದೊಡ್ಡ ತೀರ್ಮಾನ ಅದೇ. ಮಾರಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಚರ್ಚಿಸಿದವರು, ಚೀಟಿ ಬರೆದವರು, ನಿಯಮಗಳನ್ನು ಬರೆದಿಟ್ಟವರು, ಅದಕ್ಕಿಂತ ಭಾರವಾದ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರಿಸಿದರು, ಏಕೆಂದರೆ ಅದು ಪ್ರಶ್ನೆಯಂತೆ ಕಾಣಲಿಲ್ಲ. ಒಳ್ಳೆಯ ಸುದ್ದಿಯಂತೆ ಕಂಡಿತು. ಏಜೆಂಟರ ತಪ್ಪೂ ಇದರಲ್ಲಿಲ್ಲ. ಮನೆ ತುಂಬಿರುವಂತೆ ನೋಡಿಕೊಳ್ಳುವುದು ಅವರ ಕೆಲಸ, ಅದನ್ನು ಚೆನ್ನಾಗಿಯೇ ಮಾಡಿದ್ದರು. ದಂಪತಿ ಬರೆದಿಟ್ಟ ನಿಯಮಗಳು ಅವರಿಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಹೊಸ ಕರಾರು ಮುಗಿಯುವುದು 37ನೇ ತಿಂಗಳಿಗೆ.

ಇದರ ಮೊದಲ ಪರಿಣಾಮ 16ನೇ ತಿಂಗಳಲ್ಲಿ ತಿಳಿಯಿತು. ಪತಿಯ ಕಂಪನಿ ಜನರನ್ನು ಕಡಿಮೆ ಮಾಡತೊಡಗಿತು. ಏಳು ವಾರ ಇಬ್ಬರೂ ಹಿಂತಿರುಗಲು ಸಿದ್ಧರಾಗಿಯೇ ಕುಳಿತಿದ್ದರು. ಆಗ ಕರಾರು ತೆಗೆದು ನೋಡಿದರೆ, ನಡುವೆ ಮನೆ ತೆರವು ಮಾಡಿಸಿಕೊಳ್ಳುವ ಹಕ್ಕು ಮಾಲೀಕರಿಗೆ ಇರಲಿಲ್ಲ. ಹಿಂತಿರುಗಿದರೆ ಸೂರು ಇರಲೆಂದು ಉಳಿಸಿಕೊಂಡ ಮನೆಗೆ ಹಿಂತಿರುಗುವ ಹಾಗಿರಲಿಲ್ಲ. ಯಾವ ಅನುಕೂಲಕ್ಕಾಗಿ 3.5 ತೆರಲು ಒಪ್ಪಿದ್ದರೋ ಅದನ್ನು ಶೇ. 6ರ ಏರಿಕೆಗೆ ಬಾಡಿಗೆದಾರರಿಗೆ ಬಿಟ್ಟುಕೊಟ್ಟಾಗಿತ್ತು. ಅಷ್ಟರಲ್ಲಿ ಮತ್ತೆ ಮಾತಾಡತೊಡಗಿದ್ದ ಅಕ್ಕ, "ಬಂದರೆ ನಮ್ಮ ಮನೆಗೇ ಬನ್ನಿ" ಎಂದರು. ಕೊನೆಗೆ ಕೆಲಸ ಉಳಿಯಿತು, ಬರುವ ಪ್ರಸಂಗ ಬರಲಿಲ್ಲ. ಕರಾರನ್ನು ಕೈಯಲ್ಲಿ ಹಿಡಿದು ಓದಿದ ಆ ದಿನಗಳಲ್ಲೂ 37 ಎಂಬುದು 36ಕ್ಕಿಂತ ಒಂದು ಹೆಚ್ಚೆಂದು ಯಾರಿಗೂ ಹೊಳೆಯಲಿಲ್ಲ. ನನಗೂ.

ಮಾರಾಟ

24ನೇ ತಿಂಗಳಲ್ಲಿ ಪತಿಯ ಒಪ್ಪಂದ ಮೂರು ವರ್ಷಗಳಿಗೆ ನವೀಕರಣವಾಯಿತು. ಬರೆದಿಟ್ಟ ಮೊದಲ ನಿಯಮದಂತೆ ಮಾರಬೇಕು. ಹಾಳೆ ಹೊರತೆಗೆದಾಗಲೇ ದಿನಾಂಕಗಳ ತೊಡಕು ಕಣ್ಣಿಗೆ ಬಿದ್ದದ್ದು. ಮನೆಯ ಬೆಲೆ ಅಷ್ಟರಲ್ಲಿ 108ರ ಆಸುಪಾಸಿಗೆ ಬಂದಿತ್ತು.

ಮೂರು ದಾರಿಗಳಿದ್ದವು. ಕರಾರು ಮುಗಿಯುವವರೆಗೆ ಕಾದರೆ ವಿನಾಯಿತಿ ತಪ್ಪಿ, ಕೊಂಡ ಬೆಲೆಯನ್ನೂ ಖರ್ಚನ್ನೂ ಕಳೆದ 50ರ ಲಾಭಕ್ಕೆ ಸುಮಾರು 10 ತೆರಿಗೆ. ಬಾಡಿಗೆದಾರರು ಇರುವಂತೆಯೇ ಮಾರಿದರೆ ಕೊಳ್ಳುವವರು ಹಣ ಹೂಡುವವರು ಮಾತ್ರ. ತಾವೇ ವಾಸಿಸಲು ಮನೆ ಹುಡುಕುವವರು ಹತ್ತಿರವೂ ಸುಳಿಯುವುದಿಲ್ಲ. ಮನೆ ಮಾರಿದರೂ ಬಾಡಿಗೆ ಕರಾರು ಮುರಿಯದೆ ಹೊಸ ಮಾಲೀಕರನ್ನೂ ಕಟ್ಟಿಹಾಕುವುದು ಜರ್ಮನಿಯಂಥ ಕಡೆ ಕಾನೂನಿನಲ್ಲೇ ಇದೆ. ಈ ಕರಾರೂ ಹಾಗೆಯೇ ಇತ್ತು. ಹಾಗೆ ಮಾರಿದರೆ ಶೇ. 8ರಷ್ಟು, ಅಂದರೆ 8.6ರಷ್ಟು, ಕಡಿಮೆ ಸಿಗುತ್ತದೆಂದು ಏಜೆಂಟರ ಅಂದಾಜು. ಮೂರನೆಯದು, ಬಾಡಿಗೆದಾರರನ್ನೇ ಕೇಳಿನೋಡುವುದು.

ಇಲ್ಲಿ ಪತ್ನಿ ಮುಂದಾದರು. ವಕೀಲರ ಮೂಲಕ ನೋಟಿಸು ಕಳಿಸುವ ಸಲಹೆಯನ್ನು ಪಕ್ಕಕ್ಕಿಟ್ಟು ತಾವೇ ಬಾಡಿಗೆದಾರರಿಗೆ ಫೋನು ಮಾಡಿ, ನಮ್ಮ ತಪ್ಪಿನಿಂದ ಹೀಗಾಗಿದೆ, ನಿಮ್ಮ ಹಕ್ಕನ್ನು ಪ್ರಶ್ನಿಸುತ್ತಿಲ್ಲ, ಏನು ಮಾಡಿದರೆ ನಿಮಗೆ ಅನುಕೂಲ ಎಂದು ಕೇಳಿದರು. ಮಗುವಿನ ಶಾಲೆಯ ವರ್ಷ ಮುಗಿಯುವವರೆಗೆ ಬಿಡಲಾಗದು, ಮುಗಿದ ಮೇಲೆ ಬೇರೆ ಮನೆ ನೋಡಬಹುದು ಎಂಬ ಉತ್ತರ ಬಂತು. ನಾಲ್ಕು ತಿಂಗಳ ಬಾಡಿಗೆಯಷ್ಟು, ಸುಮಾರು 1.5, ಪರಿಹಾರವಾಗಿ ಕೊಟ್ಟು 31ನೇ ತಿಂಗಳ ಕೊನೆಗೆ ಮನೆ ತೆರವು ಮಾಡುವುದೆಂದು ಬರವಣಿಗೆಯಲ್ಲಿ ಒಪ್ಪಂದವಾಯಿತು. 10 ಅಥವಾ 8.6 ಹೋಗಬೇಕಾದಲ್ಲಿ 1.5 ಹೋಯಿತು.

ಸಹಿ ಹಾಕಲು ದಂಪತಿ ಬರುವಂತಿರಲಿಲ್ಲ. ಅಕ್ಕನ ಹೆಸರಿಗೆ, ಈ ಒಂದು ಮಾರಾಟಕ್ಕೆ ಮತ್ತು ಆರು ತಿಂಗಳ ಅವಧಿಗೆ ಮಾತ್ರ ಸೀಮಿತವಾದ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟರು. ಅದನ್ನು ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಮೂಲಪ್ರತಿಯನ್ನು ಕಳಿಸಿ ಮುಟ್ಟಿಸುವಲ್ಲಿ ಐದು ವಾರ ಹಿಡಿಯಿತು. ಬಾಡಿಗೆದಾರರು ಇನ್ನೂ ಮನೆಯಲ್ಲಿದ್ದಾಗಲೇ ಆ ಕೆಲಸ ಶುರು ಮಾಡಿದ್ದರಿಂದ ಬಚಾವಾದರು. ಸುಣ್ಣಬಣ್ಣ, ಸಣ್ಣಪುಟ್ಟ ದುರಸ್ತಿಗೆ 0.9 ಆಯಿತು. 34ನೇ ತಿಂಗಳಲ್ಲಿ 105ಕ್ಕೆ ಗಿರಾಕಿ ಸಿಕ್ಕರು, 108ಕ್ಕೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಗಡಿಗೆ ಮೂರು ವಾರ ಇರುವಾಗ ಕ್ರಯಪತ್ರವಾಯಿತು.

ಫಲಿತಾಂಶವನ್ನು ಓದುವ ಬಗೆ

ಮಾರಾಟದ ಖರ್ಚು ಮತ್ತು ಉಳಿದ ಸಾಲ ಕಳೆದು 68ರಷ್ಟು ಕೈಗೆ ಬಂತು. ಮೂರು ವರ್ಷ ಹಿಂದೆ ಮಾರಿದ್ದರೆ 59 ಬರುತ್ತಿತ್ತಲ್ಲ, 9 ಹೆಚ್ಚಾಯಿತಲ್ಲ ಎಂದು ಪತಿ ಹಿಗ್ಗಿದರು. ಆದರೆ ಆ 68ರಲ್ಲಿ ಅವರೇ ಸಂಬಳದಿಂದ ಕಟ್ಟಿದ ಅಸಲು 4.4 ಇದೆ, ಸೋರಿಕೆಯ 1.6, ಪರಿಹಾರದ 1.5, ಬಣ್ಣದ 0.9, ಕೊನೆಯಲ್ಲಿ ಮನೆ ಖಾಲಿ ಬಿದ್ದ ತಿಂಗಳುಗಳ ಬಾಡಿಗೆ ಬೇರೆ. ಎಲ್ಲ ತೆಗೆದರೆ 59ಕ್ಕಿಂತ ಚೂರು ಮೇಲೆ. ಮೊದಲೇ ಮಾರಿ ಶೇ. 3ರ ಠೇವಣಿಯಲ್ಲಿಟ್ಟಿದ್ದರೆ ಅಷ್ಟರಲ್ಲಿ 64 ದಾಟುತ್ತಿತ್ತು. ಮನೆಯ ಬೆಲೆ ಏರಿಯೂ ಹೆಚ್ಚುಕಡಿಮೆ 5ರಷ್ಟು ಹಿಂದೆ ಬಿದ್ದರು.

ಹಾಗಾದರೆ ಬಾಡಿಗೆಗೆ ಕೊಟ್ಟದ್ದು ತಪ್ಪೇ? ನನ್ನ ಓದು ಬೇರೆ. ಆ 5ರಲ್ಲಿ ವಿಮೆಗೆ ತಿಳಿಸದ 1.6, ಕರಾರಿನ ದಿನಾಂಕ ನೋಡದ 1.5 ಮತ್ತು ಅದರಿಂದಾದ ಆತುರದ ಮಾರಾಟದ ಒಂದು ಪಾಲು ಸೇರಿವೆ. ಮೂರಕ್ಕೂ ಹೆಚ್ಚು ಹೋದದ್ದು ನಡೆಸಿದ ರೀತಿಯಿಂದ. ಉಳಿದ ಎರಡಕ್ಕೂ ಕಡಿಮೆ ಮೊತ್ತ, ಭದ್ರತೆಯಿಲ್ಲದ ಎರಡು ವರ್ಷಗಳಿಗೆ ಕೊಟ್ಟ ನ್ಯಾಯವಾದ ಬೆಲೆಯೇ ಆಗಿರುತ್ತಿತ್ತು, ಆ ಭದ್ರತೆಯನ್ನು ತಾವೇ ಇಟ್ಟುಕೊಂಡಿದ್ದರೆ. ಹಿಂತಿರುಗಲೆಂದು ಮನೆ ಉಳಿಸಿಕೊಳ್ಳುವವರು ದೀರ್ಘ ಕರಾರಿಗೆ ಸಹಿ ಹಾಕಬಾರದು, ಕಡಿಮೆ ಬಾಡಿಗೆಗಾದರೂ ಕಿರು ಅವಧಿಗೆ ಕೊಡಬೇಕು. ಆದಾಯಕ್ಕೆಂದು ಉಳಿಸಿಕೊಳ್ಳುವವರು ದೀರ್ಘ ಕರಾರನ್ನೇ ಹುಡುಕಬೇಕು, ಹಿಂತಿರುಗುವ ಮಾತು ಬಿಡಬೇಕು. ಇವರು ಮೊದಲನೆಯ ಕಾರಣಕ್ಕೆ ಮನೆ ಉಳಿಸಿಕೊಂಡು ಎರಡನೆಯವರಂತೆ ನಡೆಸಿದರು.

ತೀರ್ಮಾನದ ನಿಯಮಗಳನ್ನು ಬರೆದಿಟ್ಟದ್ದು ಉಪಯೋಗಕ್ಕೆ ಬಂತೆಂಬುದನ್ನೂ ಹೇಳಬೇಕು. 24ನೇ ತಿಂಗಳಲ್ಲಿ ಹಾಳೆ ಇಲ್ಲದಿದ್ದರೆ ಬೆಲೆ ಏರುತ್ತಿದೆ, ಇನ್ನೊಂದು ವರ್ಷ ನೋಡೋಣ ಎಂದು ಪತಿ ಹೇಳುತ್ತಿದ್ದರೆಂಬುದರಲ್ಲಿ ಅವರ ಪತ್ನಿಗೂ ನನಗೂ ಸಂಶಯವಿಲ್ಲ, ಅವರಿಗೂ ಇಲ್ಲ. ಕೊರತೆ ಇದ್ದದ್ದು, ಆ ಹಾಳೆ ಏಜೆಂಟರ ಕೈಯಲ್ಲಿರದೆ ದಂಪತಿಯ ಕಡತದಲ್ಲಿ ಮಲಗಿದ್ದದ್ದು.

ಕಳೆದ ವರ್ಷ ಇನ್ನೊಂದು ಕುಟುಂಬ ಇದೇ ಪ್ರಶ್ನೆ ಹೊತ್ತು ಬಂದಾಗ ಅದೇ ಲೆಕ್ಕದ ಹಾಳೆಯನ್ನು ಕೊಟ್ಟೆ. ಅದರ ತುದಿಯಲ್ಲಿ ಈಗ ಮೂರು ದಿನಾಂಕಗಳು ಒಂದರ ಕೆಳಗೊಂದು ಇವೆ: ಬಾಡಿಗೆ ಕರಾರು ಮುಗಿಯುವುದು, ತೆರಿಗೆ ವಿನಾಯಿತಿ ಮುಗಿಯುವುದು, ವೀಸಾ ಮುಗಿಯುವುದು. ಅವರು ಮೊದಲನೆಯದನ್ನು ಖಾಲಿ ಬಿಟ್ಟು ಉಳಿದೆರಡನ್ನು ತುಂಬಿ ತಂದರು. ಹಾಳೆಯನ್ನು ಹಿಂದಕ್ಕೆ ಕೊಟ್ಟು ಕಳಿಸಿದ್ದೇನೆ.